ಬೆಲೆ ಇಳಿಸದ ಆಪಾ

ಆಪಾ ನಗಲು ಶುರು ಮಾಡಿದರೆ ಮೊದಲು ಭುಜ ಕುಣಿಯುತ್ತಿದ್ದವು, ಆಮೇಲೆ ಕನ್ನಡಕ ಮೂಗಿನ ತುದಿಗೆ ಜಾರುತ್ತಿತ್ತು, ಸದ್ದು ಬರುವುದು ಕಡೆಗೆ. ವಿಜಯಪುರದ ಸ್ಟೇಷನ್ ರಸ್ತೆಯಲ್ಲಿ, ಮೊಬೈಲ್ ಅಂಗಡಿಯೊಂದರ ಮೇಲಿನ ಎರಡು ಕೋಣೆಗಳಲ್ಲಿ ಅವರು ವ್ಯಾಪಾರಸ್ಥರಿಗೆ ಸಾಫ್ಟ್‌ವೇರ್ ಮಾಡಿಕೊಡುತ್ತಿದ್ದರು. ಬಬಲೇಶ್ವರದಿಂದ ದಿನಾ ಬಸ್ಸಿಗೆ ಬರುತ್ತಿದ್ದ ನಾನು ಅವರ ಬಳಿ ಪ್ರೋಗ್ರಾಂ ಬರೆಯುವ ಕೆಲಸಕ್ಕಿದ್ದೆ. ಗಿರಾಕಿಗಳೂ ಕೆಳಗಿನ ಚಹಾದವನೂ ಅವರನ್ನು ಕರೆಯುತ್ತಿದ್ದುದು ಆಪಾ, ಅಂದರೆ ಅಕ್ಕ, ಎಂದೇ. ನನ್ನ ಕೋಡಿನಲ್ಲಿ ತಪ್ಪು ಸಿಕ್ಕರೆ ಬೈಯುತ್ತಿರಲಿಲ್ಲ. "ಬಾರವಾ, ಇದನ್ನ ಇಬ್ಬರೂ ಕೂಡಿ ಹಿಡಿಯೂಣು" ಎಂದು ಪಕ್ಕದಲ್ಲಿ ಕೂತು, ಶೇಂಗಾ ಹೋಳಿಗೆ ಮುರಿದು ಅರ್ಧ ನನ್ನ ಕೈಗಿಡುತ್ತಿದ್ದರು.

ನಮ್ಮ ದೊಡ್ಡ ಗಿರಾಕಿ ತಿಕೋಟಾದ ಸಾಹುಕಾರರು. ರೈತರ ಒಣದ್ರಾಕ್ಷಿಯನ್ನು ತಮ್ಮ ಕೋಲ್ಡ್ ಸ್ಟೋರೇಜಿನಲ್ಲಿಟ್ಟು ಮಾರಿಸಿಕೊಡುವವರು. ಒಂದು ದಿನ ಅವರ ಫೋನು ಬಂತು. ಗೋದಾಮಿನ ಲೆಕ್ಕದ ಹೊಸ ಸಾಫ್ಟ್‌ವೇರನ್ನು ಹೊರದೇಶದ ಕಂಪನಿಯೊಂದು ನಮ್ಮ ಅರ್ಧ ಬೆಲೆಗೆ ಮಾಡಿಕೊಡುತ್ತದಂತೆ. ಆ ಕೆಲಸ ಹೋದರೆ ನನ್ನ ಸಂಬಳಕ್ಕೇ ದಾರಿಯಿರಲಿಲ್ಲ.

"ನಾವೂ ಇಳಿಸೂಣ್ರಿ ಆಪಾ," ಎಂದೆ.

"ಇಳಿಸಿದ್ರ ನಾಳೆ ಅವ್ರಿಗಿಂತ ಅಗ್ಗದಾವ ಬರತಾನ. ಎಲ್ಲಿತನಾ ಇಳೀತಿ? ನಡಿ, ತಿಕೋಟಾಕ್ಕ ಹೋಗಿ ಬರೂಣು."

ಜಗಳಕ್ಕೆ ಹೊರಟಿದ್ದಾರೆ ಎಂದುಕೊಂಡೆ. ಆಪಾ ಮಾತ್ರ ಬೆಲೆಯ ಮಾತೇ ಎತ್ತದೆ, ಗೋದಾಮಿನ ಬಾಗಿಲ ಬಳಿ ಕುರ್ಚಿ ಹಾಕಿಸಿಕೊಂಡು ಬಂದವರನ್ನೆಲ್ಲ ಮಾತಾಡಿಸುತ್ತ ಕೂತರು. ಮಧ್ಯಾಹ್ನ ಕನಮಡಿಯ ರೈತ ಹೆಂಗಸೊಬ್ಬರು ಬಂದು ತಮ್ಮ ಮಾಲು ಮಾರಾಟವಾಯಿತೇ ಎಂದು ವಿಚಾರಿಸಿದರು. ಇನ್ನೂ ಆಗಿರಲಿಲ್ಲ.

"ಇಷ್ಟು ಕೇಳಾಕ ಅಲ್ಲಿಂದ ಬಂದೀರೇನ್ರಿ?" ಎಂದರು ಆಪಾ.

"ಏನ ಮಾಡೂದ್ರಿ, ಫೋನ್ ಹಚ್ಚಿದ್ರ ಯಾರೂ ಎತ್ತಂಗಿಲ್ಲ. ಮುಂದಿನ ವರ್ಷ ಮಾಲು ತಾಸಗಾಂವದ ಪ್ಯಾಟಿಗೆ ಒಯ್ತೇವಿ."

ಅಲ್ಲೇ ನಿಂತಿದ್ದ ಸಾಹುಕಾರರ ಮುಖ ಸಣ್ಣದಾಯಿತು.

"ಮಾಲು ಮಾರಿದ ಕೂಡಲೇ ಇವ್ರ ಫೋನಿಗೆ ಕನ್ನಡದಾಗ ಮಾತಾಡಿ ಹೇಳೂದೊಂದು ಮಾಡಿಕೊಡತೇವ್ರಿ," ಎಂದರು ಆಪಾ.

"ನಾ ಇದನ್ನ ಕೇಳೇ ಇಲ್ಲಲ್ಲ."

"ನೀವು ಕೇಳಿದ್ದನ್ನ ಆ ಕಂಪನಿಯವ್ರು ಚಲೋನ ಮಾಡ್ತಾರ್ರಿ. ಲೆಕ್ಕದ ಕೆಲಸ ಅವ್ರಿಗೇ ಕೊಡ್ರಿ, ಅವ್ರೂ ನಮ್ಮಂಗ ದುಡಿದು ತಿನ್ನೋರು. ಇದು ಇಲ್ಲಿ ಕುಂತವ್ರಿಗಷ್ಟ ತಿಳಿಯೂದು, ಇದನ್ನ ನಮಗ ಕೊಡ್ರಿ. ನಮ್ಮ ಬೆಲೆ ಮಾತ್ರ ಇಳಿಯಂಗಿಲ್ಲ."

ಸಾಹುಕಾರರು ತುಸು ಹೊತ್ತು ಗಲ್ಲ ಕೆರೆದುಕೊಂಡು, ಚಹಾ ತರಿಸಿದರು. ಒಪ್ಪಿಗೆಯಾಯಿತು.

ಆ ಸಂದೇಶಕ್ಕೆ ಆಪಾ ತಮ್ಮದೇ ದನಿ ಕೊಟ್ಟರು: "ನಮಸ್ಕಾರ್ರಿ, ನಿಮ್ಮ ಮಾಲು ಮಾರಾಟ ಆಗೇತ್ರಿ." ಕೆಲವು ರೈತರು ಆ ದನಿಗೇ ಉತ್ತರ ಕೊಟ್ಟು, "ಯಾರವಾ ನೀ, ಊಟ ಆತೇನು?" ಎಂದು ಕೇಳುತ್ತಿದ್ದರಂತೆ. ಆ ಸಂದೇಶದ ಸುದ್ದಿ ಕೇಳಿಯೇ ಬೇರೆ ಕೋಲ್ಡ್ ಸ್ಟೋರೇಜಿನವರೂ ನಮ್ಮ ಮೆಟ್ಟಿಲು ಹತ್ತಿದರು.

ಕೆಲವು ವರ್ಷಗಳ ಮೇಲೆ, ಬಬಲೇಶ್ವರದಲ್ಲಿ ಸ್ವಂತ ಆಫೀಸು ತೆರೆಯುವ ಆಸೆಯನ್ನು ಅಳುಕುತ್ತಲೇ ಹೇಳಿದೆ.

"ಅಂದ್ರ ಇನ್ನಮ್ಯಾಲ ನೀನೂ ನನಗ ಪೈಪೋಟಿ," ಎಂದರು. ಆಮೇಲೆ ಒಳಗಿನ ಕೋಣೆಗೆ ಹೋಗಿ ಸ್ವಲ್ಪ ಹೊತ್ತು ಒಬ್ಬರೇ ಕೂತರು.

ಆಫೀಸು ತೆರೆದ ಮೇಲೆ ಎಷ್ಟೋ ದಿನ ಯಾರೂ ಬರಲಿಲ್ಲ. ಮೊದಲು ಬಂದವರು ನಮ್ಮೂರಿನ ದಾಳಿಂಬೆ ವ್ಯಾಪಾರಿ, ಆಪಾ ಕಳಿಸಿದರೆಂದರು. ತಕ್ಷಣ ಫೋನು ಹಚ್ಚಿದೆ.

"ಆಪಾ, ಇವ್ರು ನಿಮ್ಮ ಕಡೆ ಬಂದ ಗಿರಾಕಿ ಅಲ್ರಿ?"

"ಹೂಂ. ಆದ್ರ ಆ ಊರು ನನಗಿಂತ ನಿನಗ ಚಲೋ ಗೊತ್ತು," ಎಂದವರೇ ಫೋನಿಟ್ಟರು.

ಆ ವ್ಯಾಪಾರಿ ಇಂದಿಗೂ ನನ್ನ ಗಿರಾಕಿ.