ಹರಿಹರದಿಂದ ಬಂದ ಅಭಿಪ್ರಾಯಗಳು

ಕೊಲೆಗಾರನ ಗಲ್ಲದ ಮೇಲೆ ಅರಿಶಿನದ ಹೆಬ್ಬೆರಳಿನ ಗುರುತೊಂದು ಬಿದ್ದಿತ್ತು. ಪುಸ್ತಕದೊಳಗಿನ ಪತ್ತೇದಾರ ಊರೆಲ್ಲ ಅಲೆದು ಸಂಪಾದಿಸಿದ ಸಾಕ್ಷ್ಯಗಳಿಗಿಂತ ಅದು ಎಷ್ಟೋ ಸ್ಪಷ್ಟವಾಗಿತ್ತು. ನಾನು ಪುಸ್ತಕಕ್ಕೆ ಹೊದಿಕೆ ಹಾಕಿ, ಕೈ ತೊಳೆದು, ಪುಟದ ತುದಿ ಮಡಚದೆ ಓದುವವಳು. ಸಿಟ್ಟು ಬರಬೇಕಿತ್ತು, ಬರಲಿಲ್ಲ. ನನ್ನ ಗೊಂದಲ ಅಲ್ಲಿಂದಲೇ ಶುರುವಾಯಿತು.

ಆ ಪುಸ್ತಕ ಹರಿಹರಕ್ಕೆ ಹೋಗಿ ಬಂದದ್ದು. ದಾವಣಗೆರೆಯ ನಮ್ಮ ಮನೆಗೆ ಹರಿಹರದವರು ನನ್ನನ್ನು ನೋಡಲು ಬಂದಿದ್ದರು. ಅವರದು ಪಂಪ್‌ಸೆಟ್ ಅಂಗಡಿ, ಪಕ್ಕದ ಸಾರಥಿ ಹಳ್ಳಿಯಲ್ಲಿ ಒಂದಿಷ್ಟು ಗದ್ದೆ. ಉಪ್ಪಿಟ್ಟು, ಶಿರಾ ಎಲ್ಲ ಮುಗಿದ ಮೇಲೆ ಹಿರಿಯರು ‘ಇಬ್ಬರೂ ಮಾತಾಡಿಕೊಳ್ಳಲಿ’ ಎಂದು ನಮ್ಮನ್ನು ಮಾಳಿಗೆಗೆ ಕಳಿಸಿದರು. ಮಾತಾಡುವುದೊಂದನ್ನು ಬಿಟ್ಟು ಬೇರೆ ಏನು ಹೇಳಿದ್ದರೂ ನಾನು ಮಾಡುತ್ತಿದ್ದೆನೇನೋ. ಹುಡುಗ “ಏನು ಓದ್ತೀರಿ?” ಎಂದು ಕೇಳಿದರು. ಗ್ರಾಫಿಕ್ ಕಾದಂಬರಿ ಎಂದೆ. “ಅಂದ್ರೆ?” ಎಂದರು. ವಿವರಿಸುವುದಕ್ಕಿಂತ ತಂದುಕೊಡುವುದೇ ಸುಲಭ ಅನ್ನಿಸಿ ಕೆಳಗಿಳಿದು ಕಪಾಟಿನಿಂದ ನಾಲ್ಕನ್ನು ತಂದು ಕೈಗಿತ್ತೆ. ಒಂದು ಪತ್ತೇದಾರಿ, ಒಂದು ದೆವ್ವದ್ದು, ಒಂದು ಚಂದ್ರನ ಮೇಲೆ ಊರು ಕಟ್ಟುವ ವಿಜ್ಞಾನದ ಕಥೆ, ಇನ್ನೊಂದು ಹುಡುಗಿಯೊಬ್ಬಳ ಆತ್ಮಕಥೆ. ಕನ್ನಡದಲ್ಲಿ ಇಂಥವು ಅಪರೂಪ. ಸಿಕ್ಕವನ್ನೆಲ್ಲ ಕೂಡಿಟ್ಟುಕೊಂಡಿದ್ದೆ.

ಅವರು ಹೋದ ಮೇಲೆ ಅಮ್ಮ ಹಣೆ ಹಣೆ ಚಚ್ಚಿಕೊಂಡಳು. “ಎಂಎ ಮಾಡಿದಾಕಿ ಕಾರ್ಟೂನ್ ಪುಸ್ತಕ ಕೊಟ್ಟು ಕಳಿಸಿದೀಯಲ್ಲೇ, ಏನಂದ್ಕಂಡಾರು?”

ಏನಂದುಕೊಂಡರು ಎಂಬುದು ಒಂದೊಂದಾಗಿ ಬರತೊಡಗಿತು. ಹೆಣ್ಣು ನೋಡಲು ಎರಡು ಕಾರಿನ ತುಂಬ ಜನ ಬರುವ ಮನೆಯಲ್ಲಿ ಪುಸ್ತಕವನ್ನು ಒಬ್ಬರೇ ಓದುತ್ತಾರೆಂದು ನಾನು ಹೇಗೆ ಎಣಿಸಿದೆನೋ! ಸಂಬಂಧ ತಂದ ನನ್ನ ಸೋದರತ್ತೆ ಗಿರಿಜತ್ತೆ ಇರುವುದು ಅವರ ಓಣಿಯಲ್ಲೇ. ವರದಿಗಳು ಅವಳ ಫೋನಿನ ಮೂಲಕ ಬರುತ್ತಿದ್ದವು.

ಮೊದಲ ಅಭಿಪ್ರಾಯ ಹುಡುಗನ ತಾಯಿಯದು, ಪತ್ತೇದಾರಿ ಪುಸ್ತಕದ ಬಗ್ಗೆ. “ಸತ್ತ ಮ್ಯಾಲೂ ಚಾ ಬಿಟ್ಟಿಲ್ಲಂತಲ್ಲೇ ಪುಣ್ಯಾತ್ಮ!” ಎಂದಳು ಗಿರಿಜತ್ತೆ. ನನಗೆ ಅರ್ಥವಾಗಲಿಲ್ಲ. ಆ ಕಥೆಯಲ್ಲಿ ಒಬ್ಬಾತ ಚಹಾ ಕುಡಿದು ಸಾಯುತ್ತಾನೆಯೇ ಹೊರತು ಸತ್ತು ಚಹಾ ಕುಡಿಯುವುದಿಲ್ಲ. ಪುಸ್ತಕ ವಾಪಸ್ ಬಂದಾಗ ಪುಟ ತಿರುವಿ ನೋಡಿದೆ, ಆಗ ಹೊಳೆಯಿತು. ಅವರು ನಿತ್ಯ ದಿನಪತ್ರಿಕೆ ಓದುವವರು. ಒಂದೊಂದು ಸಾಲನ್ನೂ ಎಡದಿಂದ ಬಲಕ್ಕೆ ಓದುವ ಬದಲು, ಪತ್ರಿಕೆಯ ಕಾಲಂ ಓದುವ ಹಾಗೆ ಎಡಗಡೆಯ ಚಿತ್ರದ ಚೌಕಗಳನ್ನು ಮೇಲಿಂದ ಕೆಳಕ್ಕೆ ಮುಗಿಸಿ, ಆಮೇಲೆ ಬಲಗಡೆಗೆ ಹೋಗಿದ್ದರು. ಎಡಗಡೆಯ ಕೊನೆಯ ಚೌಕದಲ್ಲಿ ಹೆಣ, ಬಲಗಡೆಯ ಮೊದಲ ಚೌಕದಲ್ಲಿ ಚಹಾದ ಬಟ್ಟಲು. ಹೀಗೆ ಓದಿಯೂ ಅವರು ಕೊಲೆಗಾರನನ್ನು ಕಥೆ ಅರ್ಧವಾಗುವ ಮೊದಲೇ ಹಿಡಿದಿದ್ದರಂತೆ. ಕ್ರಮವಾಗಿ ಓದಿದ ನನಗೆ ಅವನು ಸಿಕ್ಕಿದ್ದು ಪತ್ತೇದಾರನಿಗೆ ಸಿಕ್ಕ ಮೇಲೆ. ಒಂದು ಮಧ್ಯಾಹ್ನ ನಾನೂ ಅವರಂತೆ ಓದಿ ನೋಡಿದೆ. ಪುಟ ಪುಟದ ಬಲ ಅಂಚಿನಲ್ಲೂ ಅದೇ ಮನುಷ್ಯ ಸುಮ್ಮನೆ ನಿಂತಿದ್ದ!

ಓದುವ ಕ್ರಮವೆಂಬುದು ಸ್ವಯಂಸಿದ್ಧವೆಂದು ನಾನೇಕೆ ನಂಬಿದ್ದೆನೋ. ವೀರಗಲ್ಲನ್ನು ಕೆಳಗಿನಿಂದ ಮೇಲಕ್ಕೆ ಓದಬೇಕು. ಕೆಳಗೆ ಕಾಳಗ, ನಡುವೆ ವೀರನನ್ನು ಕರೆದೊಯ್ಯುವ ಅಪ್ಸರೆಯರು, ಮೇಲೆ ಕೈಲಾಸ. ಪುಸ್ತಕದ ಅಭ್ಯಾಸದಿಂದ ಮೇಲಿನಿಂದ ಓದಿದರೆ, ಶಿವನ ಮುಂದೆ ಹಾಯಾಗಿ ಕೂತವನೊಬ್ಬ ಬೇಸರವಾಗಿ ಇಳಿದುಬಂದು ಹೊಡೆದಾಟಕ್ಕೆ ಬಿದ್ದಂತೆ ಕಾಣುತ್ತದೆ. ಅದೂ ಕೆಟ್ಟ ಕಥೆಯೇನಲ್ಲ.

ದೆವ್ವದ ಪುಸ್ತಕ ಹುಡುಗನ ಅಜ್ಜಿಯ ಪಾಲಾಗಿತ್ತು. ಅಜ್ಜಿಗೆ ಅಕ್ಷರ ಬಾರದು, ಚಿತ್ರ ನೋಡಿದ್ದಾರೆ. ನನ್ನನ್ನು ದೀಪ ಆರಿಸಲು ಬಿಡದ ಆ ದೆವ್ವ ಅವರಲ್ಲಿ ಕನಿಕರ ಹುಟ್ಟಿಸಿತ್ತು. “ಆ ಹೆಣ್ಮಗಳಿಗೆ ಒಬ್ರಾದ್ರೂ ಊಟಕ್ಕೆ ಇಕ್ಕಿದ್ರಾ? ಹಸ್ಕಂಡು ಹಸ್ಕಂಡೇ ಹಂಗಾಗೈತೆ. ಮೊದ್ಲೇ ದೆವ್ವ ಬಿಡಿಸೋ ಉಕ್ಕಡಗಾತ್ರಿ ಗುಡಿಗೆ ಕರ್ಕಂಡು ಹೋಗಿದ್ರೆ ಎರಡನೇ ಹಾಳಿಗೇ ವಾಸಿ ಆಗಿರೋಳು” ಎಂದರಂತೆ. ಇಡೀ ಪುಸ್ತಕ ಅನವಶ್ಯಕ ಎಂಬ ವಿಮರ್ಶೆಯನ್ನು ಇಷ್ಟು ದಯೆಯಿಂದ ಹೇಳಿದ್ದನ್ನು ನಾನು ಬೇರೆಲ್ಲೂ ಕೇಳಿಲ್ಲ.

ಚಂದ್ರನ ಕಥೆಯನ್ನು ಹುಡುಗನ ತಂದೆಯವರು ಅಂಗಡಿಗೇ ಒಯ್ದಿದ್ದರು. ಕಥೆಯ ಬಗ್ಗೆ ತಕರಾರಿಲ್ಲ. ಆದರೆ ಅಲ್ಲಿನ ನೀರಿನ ಪೈಪಿಗೆ ಎಲ್ಲೂ ವಾಲ್ವ್ ಬರೆದಿಲ್ಲ, ಅಂಥ ಊರಿಗೆ ನಮ್ಮ ಹುಡುಗನನ್ನು ಕಳಿಸುವುದಿಲ್ಲ ಎಂದರಂತೆ.

ಹುಡುಗ ಮಾತ್ರ ಒಂದೊಂದು ಪುಸ್ತಕ ವಾಪಸ್ ಬಂದಾಗಲೂ ಒಂದೇ ಸಂದೇಶ ಕಳಿಸುತ್ತಿದ್ದರು: ‘ಚೆನ್ನಾಗಿತ್ತು.’ ಪತ್ತೇದಾರಿಗೂ ಚೆನ್ನಾಗಿತ್ತು, ದೆವ್ವಕ್ಕೂ ಚೆನ್ನಾಗಿತ್ತು, ಚಂದ್ರನಿಗೂ ಚೆನ್ನಾಗಿತ್ತು.

ನಾನು ಫೋನಿನಲ್ಲಿ ಒಂದು ಓದುಗರ ಗುಂಪನ್ನು ಹಿಂಬಾಲಿಸುತ್ತೇನೆ, ಬರೆಯುವುದಿಲ್ಲ. ಚಿತ್ರ ಬಂದ ಕೂಡಲೇ ಸಾಹಿತ್ಯ ಎದ್ದುಹೋಗುತ್ತದೆ ಎನ್ನುವವರು ಅಲ್ಲಿದ್ದಾರೆ. ಆತ್ಮಕಥೆಯೊಂದೇ ಈ ಪ್ರಕಾರಕ್ಕೆ ಒಗ್ಗುವುದು, ದೆವ್ವದ ಚಿತ್ರ ಬರೆದು ತೋರಿಸಿದರೆ ಹೆದರಿಕೆ ಹೋಗುತ್ತದೆ ಎನ್ನುವವರೂ ಇದ್ದಾರೆ. ಅವನ್ನೆಲ್ಲ ಓದಿ ಸರಿ ತಪ್ಪು ತೂಗುವುದು ನನಗೆ ಅಭ್ಯಾಸ. ಹರಿಹರದ ಅಭಿಪ್ರಾಯಗಳನ್ನು ಯಾವ ತಕ್ಕಡಿಗೆ ಹಾಕಬೇಕೋ ತಿಳಿಯಲಿಲ್ಲ. ಆ ಮನೆಯವರೆಲ್ಲ ನನಗೆ ಹಿಡಿಸಿಬಿಟ್ಟಿದ್ದರು, ನಾನು ಮದುವೆಯಾಗಬೇಕಾದ ಒಬ್ಬರನ್ನು ಬಿಟ್ಟು. ಅತ್ತೆ, ಮಾವ, ಅಜ್ಜಿ ಚೆನ್ನಾಗಿದ್ದಾರೆಂದು ಹೂಂ ಅನ್ನಬಹುದೆ? ‘ಚೆನ್ನಾಗಿತ್ತು’ ಎನ್ನುವವನೊಡನೆ ಜೀವನವಿಡೀ ಏನು ಮಾತಾಡುವುದು? ನಾನೇ ಕಡಿಮೆ ಮಾತಿನವಳು. ಇಬ್ಬರೂ ಹೀಗಾದರೆ ಮನೆಯಲ್ಲಿ ಕುಕ್ಕರ್ ಕೂಗಿದ್ದೇ ಮಾತು.

“ಭಾನುವಾರದೊಳಗೆ ಹೂಂ ಅನ್ನು, ಇಲ್ಲ ಊಹೂಂ ಅನ್ನು” ಎಂದಳು ಗಿರಿಜತ್ತೆ. “ಅವರಾದ್ರೂ ಎಷ್ಟಂತ ಕಾಯ್ತಾರವ್ವಾ? ಆ ಅಜ್ಜಿ ನನ್ನ ಕಂಡಾಗೆಲ್ಲ, ಪುಸ್ತಕದ ಹುಡುಗಿ ಏನಂದ್ಳು ಅಂತ ಜೀವ ತಿಂತತೆ.”

ಶನಿವಾರ ಸಂಜೆ ಹುಡುಗನೇ ಫೋನ್ ಮಾಡಿದರು.

“ಒಂದು ಮಾತು ಹೇಳ್ಬೇಕಿತ್ರಿ. ಆ ಮೂರೂ ಪುಸ್ತಕ ನಾನು ಓದಿಲ್ಲ. ನಮ್ಮನೇಲಿ ನನ್ನ ಕೈಗೆ ಸಿಕ್ಕಿದ್ರೆ ತಾನೆ? ಚೆನ್ನಾಗಿತ್ತು ಅಂತ ಸುಮ್ನೆ ಕಳಿಸಿದ್ದು.”

“ನಾಲ್ಕನೇದು?”

“ಅಳೋ ಪುಸ್ತಕ ಬ್ಯಾಡ ಅಂತ ಅದನ್ನ ಯಾರೂ ಮುಟ್ಟಲಿಲ್ಲ. ನನಗೆ ಸಿಕ್ತು. ಬೇಜಾರು ಮಾಡ್ಕಬ್ಯಾಡ್ರಿ, ಅರ್ಧಕ್ಕೇ ನಿಲ್ಲಿಸಿದೆ. ನನಗೆ ಹಿಡಿಸ್ಲಿಲ್ಲ.”

ಅದು ನನ್ನ ಅತ್ಯಂತ ಪ್ರೀತಿಯ ಪುಸ್ತಕ. ಅಪ್ಪನೊಡನೆ ಮಾತು ಬಿಟ್ಟ ಹುಡುಗಿಯೊಬ್ಬಳು ಅವನ ಕೋಣೆಯ ಬಾಗಿಲ ತನಕ ಹೋಗುತ್ತಾಳೆ, ಹಿಂದಿರುಗುತ್ತಾಳೆ. ಪುಟಗಟ್ಟಲೆ ಒಂದು ಮಾತೂ ಇಲ್ಲ. ಆ ಪುಟಗಳಿಗಿಂತ ಚೆಂದದ್ದನ್ನು ಯಾರೂ ಬರೆದಿಲ್ಲವೆಂದು ನಾನು ನಂಬಿದ್ದೆ.

“ಬಾಗಿಲ ತನಕ ಹೋಗ್ತಾಳೆ, ವಾಪಸ್ ಬರ್ತಾಳೆ. ಮತ್ತೆ ಹೋಗ್ತಾಳೆ, ಮತ್ತೆ ವಾಪಸ್. ಒಂದು ಸಲ ಬಡೀಬಾರ್ದಾ? ಒಳಗಿರೋದು ಅಪ್ಪ, ಹುಲಿ ಅಲ್ವಲ್ರಿ! ನನಗೆ ಸಿಟ್ಟೇ ಬಂತು.”

“ನನಗೆ ಇಷ್ಟ ಆಗಿದ್ದೇ ಆ ಪುಟಗಳು” ಎಂದೆ. ದನಿ ಗಟ್ಟಿಯಾಗಿಯೇ ಬಂತು.

“ಆಗ್ಲಿ ಬಿಡ್ರಿ. ಯಾಕೆ ಅಂತ ಹೇಳ್ರಿ ಮತ್ತೆ.”

ಯಾಕೆ ಎಂದು ನನಗೆ ಗೊತ್ತಿತ್ತು. ಆದರೂ “ಆಮೇಲೆ ಹೇಳ್ತೀನಿ” ಎಂದು ಫೋನಿಟ್ಟೆ.

ಆ ಸಂಜೆಯೆಲ್ಲ ಕುದಿದೆ. ಅರ್ಧ ಓದಿದವರಿಗೆ ಅಭಿಪ್ರಾಯ ಹೇಳುವ ಹಕ್ಕೆಲ್ಲಿದೆ? ಮೌನ ಅರ್ಥವಾಗದವರಿಗೆ ಚಿತ್ರ ಯಾಕೆ? ಬಟ್ಟೆ ಮಡಚುತ್ತಾ ಒಂದು ವಾದ, ಪಾತ್ರೆ ಒರೆಸುತ್ತಾ ಇನ್ನೊಂದು. ಅವರು ಹೀಗೆ ಅಂದರೆ ನಾನು ಹೀಗೆ ಅನ್ನಬೇಕು ಎಂದು ಉತ್ತರ ಜೋಡಿಸಿಡುತ್ತಾ ಹೋದೆ. ಊಟದ ಹೊತ್ತಿಗೆ ವರ್ಷಕ್ಕಾಗುವಷ್ಟು ಜಗಳ ತಯಾರಾಗಿತ್ತು. ಇಷ್ಟೊಂದು ಮಾತು ನನ್ನೊಳಗೆ ಎಲ್ಲಿತ್ತು ಎಂಬುದೇ ಆಶ್ಚರ್ಯ. ನನ್ನ ಅಭಿಪ್ರಾಯವನ್ನೇ ಹೇಳುವವರು ಸಿಕ್ಕಾಗೆಲ್ಲ ನಾನು ತಲೆಯಾಡಿಸಿ ಸುಮ್ಮನಾಗಿದ್ದೇನೆ. ಒಪ್ಪದವರೊಬ್ಬರು ಯಾಕೆ ಎಂದು ಕೇಳಿ, ಉತ್ತರಕ್ಕೆ ಕಾದಿದ್ದು ಇದೇ ಮೊದಲು.

ಮರುದಿನ ಬೆಳಿಗ್ಗೆ ಸ್ನಾನಕ್ಕೂ ಮೊದಲೇ ನಾನಾಗಿ ಫೋನ್ ಮಾಡಿದೆ. “ಆ ಹುಡುಗಿ ಬಾಗಿಲು ಯಾಕೆ ಬಡೀಲಿಲ್ಲ ಅಂತ ಹೇಳ್ತೀನಿ, ನಡುವೆ ಬಾಯಿ ಹಾಕಬಾರದು” ಎಂದೆ. ಅವರು ನಾಲ್ಕು ಸಲ ಹಾಕಿದರು. ಮಾತು ಮುಗಿಯುವ ಹೊತ್ತಿಗೆ ನನ್ನ ಕಿವಿ ಬಿಸಿಯಾಗಿತ್ತು. ಇಬ್ಬರಲ್ಲಿ ಯಾರೂ ಸೋತಿರಲಿಲ್ಲ. ಅಡುಗೆಮನೆಗೆ ಹೋಗಿ “ಹೂಂ” ಎಂದೆ.

ಅಮ್ಮ ಒಗ್ಗರಣೆಗೆ ನೆನೆಸಿದ ಮಂಡಕ್ಕಿ ಹಿಂಡಿ ಹಾಕುತ್ತಿದ್ದಳು. ತಿರುಗಿ ನೋಡದೆ, “ಯಾವುದಕ್ಕೆ? ತಿಂಡಿಗೋ, ಹರಿಹರಕ್ಕೋ?” ಎಂದಳು.

“ಎರಡಕ್ಕೂ” ಎಂದು ತಟ್ಟೆ ತೆಗೆದುಕೊಂಡೆ.