ಕಾರ್ಮೆನ್ ಕೂರಬೇಕಿದ್ದ ಕುರ್ಚಿ

ಹಣೆಯ ಕುಂಕುಮ ಒರೆಸಿಕೊಂಡು ಹೋಗಿ ನಿನ್ನ ಕುರ್ಚಿಯಲ್ಲಿ ಕೂತವಳು ನಾನು, ಕಾರ್ಮೆನ್. ಬರೀ ಕೂತಿದ್ದರೆ — ಅಷ್ಟೇ ಆಗಿದ್ದರೆ ಇಷ್ಟು ವರ್ಷ ಇದನ್ನು ಎದೆಯಲ್ಲಿ ಹೊತ್ತು ತಿರುಗಬೇಕಿರಲಿಲ್ಲ. ಆ ಕುರ್ಚಿಯಲ್ಲಿ ಕೂತು ನಿನ್ನ ಹೆಸರಿನಲ್ಲಿ ಒಂದು ಸುಳ್ಳು ಹೇಳಿದೆ. ಆಮೇಲೆ ನಿನ್ನ ಅಡುಗೆಮನೆಯಲ್ಲಿ ಕೂತು ನಿನಗೇ ಇನ್ನೊಂದು ಸುಳ್ಳು ಹೇಳಿದೆ. ಆ ಎರಡನೆಯದನ್ನು ನೀನು ಇವತ್ತಿಗೂ ನಂಬಿದ್ದೀಯ.

ನಿನಗೆ ಕನ್ನಡ ಬರುವುದಿಲ್ಲ. ಅದಕ್ಕೇ ಇವಳು ಕನ್ನಡದಲ್ಲಿ ಬರೆಯುತ್ತಿದ್ದಾಳೆ ಎಂದು ಯಾರಾದರೂ ಅಂದರೆ, ಅಲ್ಲ ಎನ್ನುವ ಮುಖ ನನಗಿಲ್ಲ. ನಿನ್ನನ್ನು ನೀನು ಎನ್ನುತ್ತಿರುವುದಕ್ಕೆ ಮಾತ್ರ ಬೇರೆ ಕಾರಣವಿದೆ. ನನಗೊಬ್ಬಳು ಅಕ್ಕ ಇದ್ದಿದ್ದರೆ ಅವಳನ್ನು ಹೀಗೇ ಮಾತಾಡಿಸುತ್ತಿದ್ದೆ.

ಓದುವವರಿಗೆ ನಾವು ಯಾರೆಂದು ಹೇಳಿಬಿಡುತ್ತೇನೆ. ನಾನು ಸುಮಿತ್ರ, ಮೈಸೂರಿನಲ್ಲಿ ಓದಿದ ಡಾಕ್ಟರು. ಅರವತ್ತರ ದಶಕದ ಕೊನೆಯಲ್ಲಿ ಗಂಡನ ಜೊತೆ ನ್ಯೂಜೆರ್ಸಿಗೆ ಬಂದವಳು. ಇವರಿಗೆ ಕೆಮಿಕಲ್ ಕಂಪನಿಯೊಂದರಲ್ಲಿ ಎಂಜಿನಿಯರ್ ಕೆಲಸ. ನನಗೆ ರಾರಿಟನ್ ನದಿಯ ದಡದ ಒಂದು ಕಾರ್ಖಾನೆ ಊರಿನಲ್ಲಿ, ಸಿಟಿಯವರ, ಅಂದರೆ ಅಲ್ಲಿನ ಮುನಿಸಿಪಾಲಿಟಿಯ, ಕ್ಲಿನಿಕ್ಕಿನಲ್ಲಿ ಕೆಲಸ. ನಮಗೊಬ್ಬಳು ಪುಟ್ಟ ಮಗಳು. ಕಾರ್ಮೆನ್ ನಮ್ಮ ಕೆಳಗಿನ ಅಪಾರ್ಟ್‌ಮೆಂಟಿನವಳು. ಪೋರ್ಟೊರಿಕೊದಿಂದ ಬಂದು ಕೋಟು ಹೊಲಿಯುವ ಫ್ಯಾಕ್ಟರಿಯಲ್ಲಿ ದುಡಿಯುತ್ತಿದ್ದವಳು. ಗಂಡ ಬಿಟ್ಟುಹೋಗಿದ್ದ, ಎರಡು ಹೆಣ್ಣುಮಕ್ಕಳು. ಆ ಬೀದಿಯ ತುಂಬ ಅವಳ ದ್ವೀಪದ ಜನರೇ ಇದ್ದರು.

ಆ ಬೀದಿಯಲ್ಲಿ ನನ್ನನ್ನು ಯಾರೂ ಹೊರಗಿನವಳು ಅಂದುಕೊಳ್ಳಲಿಲ್ಲ. ಬಸ್ ಡ್ರೈವರ್, ತರಕಾರಿ ಅಂಗಡಿಯವನು, ಚರ್ಚಿನಿಂದ ಬರುವ ಮುದುಕಿಯರು, ಎಲ್ಲರೂ ಸೀದಾ ಸ್ಪ್ಯಾನಿಷಿನಲ್ಲೇ ಶುರುಮಾಡುತ್ತಿದ್ದರು. ನನ್ನದೇ ಬಣ್ಣ, ನನ್ನದೇ ಕೂದಲು. ಬೇರೆ ಎಲ್ಲ ಕಡೆ ಜನ ನನ್ನ ಸೀರೆಯನ್ನು ತಿರುಗಿ ತಿರುಗಿ ನೋಡುವಾಗ ಇಲ್ಲಿ ಮಾತ್ರ — ನಿಜ ಹೇಳುತ್ತೇನೆ, ಹಿತವಾಗಿತ್ತು. ನೀನು ನನಗೆ ನಿನ್ನ ಭಾಷೆ ಕಲಿಸಿದೆ, ನನ್ನನ್ನು ದೊಕ್ತೋರಾ, ಡಾಕ್ಟರಮ್ಮ, ಎಂದು ಕರೆದೆ. ಒಂದು ದಿನ ಬಾಳೆಕಾಯಿ ಕರಿದು ತಟ್ಟೆಯಲ್ಲಿ ಮುಚ್ಚಿ ತಂದುಕೊಟ್ಟೆ. ಈ ದೇಶಕ್ಕೆ ಬಂದಮೇಲೆ ನಾನು ಬಾಳೆಕಾಯಿಯ ಮುಖ ಕಂಡದ್ದು ಅವತ್ತೇ. ಅತ್ತುಬಿಟ್ಟೆ. ಗೌರಿ ಹಬ್ಬಕ್ಕೆ ನಿನ್ನನ್ನು ಕೂರಿಸಿ ಅರಿಶಿನ ಕುಂಕುಮ ಕೊಟ್ಟಾಗ ನೀನು, "ಇದನ್ನ ಯಾವಾಗ ತೆಗೀತೀರಿ?" ಅಂತ ಕೇಳಿದೆ. "ಗಂಡ ಇರೋವರೆಗೂ ತೆಗೆಯಲ್ಲ" ಅಂದೆ. ನೀನು ಅದನ್ನು ಮರೆಯಲಿಲ್ಲ.

ನಮ್ಮ ಕ್ಲಿನಿಕ್ಕು ಬಾಗಿಲು ಹಾಕುವುದಕ್ಕೂ ನಿಮ್ಮ ಫ್ಯಾಕ್ಟರಿಯ ಹೆಂಗಸರು ಹೊರಗೆ ಬರುವುದಕ್ಕೂ ಸರಿಹೋಗುತ್ತಿತ್ತು. ರಜ ಕೇಳಿದರೆ ಕೆಲಸ ಹೋಗುತ್ತದೆ. ಹಾಗಾಗಿ ಜ್ವರ ನೆತ್ತಿಗೇರಿದ ಮೇಲೇ ಮಕ್ಕಳನ್ನು ತರುತ್ತಿದ್ದರು. ಕೌಂಟರಿನಲ್ಲಿ ನಿಮ್ಮ ಮಾತು ಬಲ್ಲವರಿಲ್ಲ. ತಾಯಿಯ ಮುಟ್ಟಿನ ತೊಂದರೆಯನ್ನು ಶಾಲೆಗೆ ಹೋಗುವ ಮಗಳು ಇಂಗ್ಲಿಷಿಗೆ ತಿರುಗಿಸಿ ಹೇಳಬೇಕಿತ್ತು. ನೀನು ಹೆಂಗಸರನ್ನು ಚರ್ಚಿನ ನೆಲಮಾಳಿಗೆಯಲ್ಲಿ ಸೇರಿಸಿದೆ. ಅವರನ್ನು ಕರೆದುಕೊಂಡು ಹೋಗಿ ಸಿಟಿ ಹಾಲ್ ಮೆಟ್ಟಿಲ ಮೇಲೆ ಕೂತೆ. ಸಂಜೆ ಕ್ಲಿನಿಕ್ ಬೇಕು, ಸ್ಪ್ಯಾನಿಷ್ ಬಲ್ಲವರು ಬೇಕು, ಊರಿನ ಆರೋಗ್ಯ ಕಮಿಟಿಯಲ್ಲಿ ನಮ್ಮವರೊಬ್ಬರು ಬೇಕು ಅಂದೆ. ಸಿಟಿಯವರು ಕಡೆಗೂ ಒಂದು ಕುರ್ಚಿಗೆ ಒಪ್ಪಿದರು. ಅದು ಯಾರದೆಂದು ಬೀದಿಗೆಲ್ಲ ಗೊತ್ತಿತ್ತು. ಮೀಟಿಂಗಿಗೆ ಹಾಕಿಕೊಳ್ಳಲೆಂದು ನೀನು ಫ್ಯಾಕ್ಟರಿಯಲ್ಲಿ ಮಿಕ್ಕ ನೀಲಿ ಬಟ್ಟೆಯಲ್ಲಿ ಒಂದು ಕೋಟು ಹೊಲಿದುಕೊಳ್ಳುತ್ತಿದ್ದೆ.

ಆಗ ನಮ್ಮ ಕ್ಲಿನಿಕ್ ಡೈರೆಕ್ಟರ್ ನನ್ನನ್ನು ಕೋಣೆಗೆ ಕರೆದರು. ಒಳ್ಳೆಯ ಮಾತಿನ ಮನುಷ್ಯ, ನಗುನಗುತ್ತಲೇ ಕೆಲಸ ಆಗಿಸಿಕೊಳ್ಳುವವರು.

"ಮೆಟ್ಟಿಲ ಮೇಲೆ ಕೂತು ಕೂಗೋರನ್ನ ಒಳಗೆ ಕೂರಿಸಿಕೊಂಡು ಏನು ಕೆಲಸ ಮಾಡೋದು ಡಾಕ್ಟರ್? ನಿಮಗೆ ಸ್ಪ್ಯಾನಿಷ್ ಬರತ್ತೆ. ಅವರು ಆಗಲೇ ನಿಮ್ಮನ್ನ ತಮ್ಮವಳು ಅಂತಲೇ ತಿಳ್ಕೊಂಡಿದ್ದಾರೆ. ನೋಡೋಕೂ ಹಾಗೇ ಇದ್ದೀರಿ. ನೀವೇ ಆ ಸೀಟ್ ತಗೊಳ್ಳಿ."

ನಾನು ಇಂಡಿಯಾದವಳು ಎನ್ನಬೇಕಿತ್ತು. ಆ ಸೀಟು ಕಾರ್ಮೆನ್‌ಳದು ಎನ್ನಬೇಕಿತ್ತು. "ಆಗಲಿ ಸರ್" ಎಂದೆ. ಇಲ್ಲಿನ ದೊಡ್ಡಾಸ್ಪತ್ರೆಯಲ್ಲಿ ರೆಸಿಡೆನ್ಸಿ ತರಬೇತಿಗೆ ಸೇರಲು ಅವರ ಶಿಫಾರಸು ಬೇಕಿತ್ತು ನಿಜ. ಆದರೆ ಬಾಯಿಗೆ ಆ ಮಾತು ಬಂದದ್ದು ಶಿಫಾರಸಿನ ಆಸೆಗಲ್ಲ. ನನ್ನನ್ನು ಆರಿಸಿದರಲ್ಲ ಎಂಬ ಹಿಗ್ಗಿಗೆ. ಹೌದು, ಹಿಗ್ಗಿಗೇ.

ನಿನಗೆ ಹೇಳಿದಾಗ ನೀನು ಹೊಲಿಗೆಯಿಂದ ತಲೆ ಎತ್ತಲಿಲ್ಲ. ದಾರ ಕಡಿದೆ. ಆಮೇಲೆ ಎದ್ದು ಆ ನೀಲಿ ಕೋಟನ್ನು ನನ್ನ ಹೆಗಲಿಗೆ ಹಿಡಿದು ಅಳತೆ ನೋಡಿದೆ.

"ಯಾರೋ ಕೂರೋದಕ್ಕಿಂತ ನೀನು ಕೂತ್ಕೊಳೋದೇ ಒಳ್ಳೇದು ದೊಕ್ತೋರಾ. ನನ್ನ ಇಂಗ್ಲಿಷ್ ಕೇಳಿ ಅವರು ನಗ್ತಾರೆ, ನಿನ್ನದಕ್ಕೆ ನಗಲ್ಲ. ನಾವು ಹೇಳಿದ್ದನ್ನ ಹೇಳು, ಅಷ್ಟು ಸಾಕು. ಚಳಿ ಇದೆ, ಇದನ್ನ ಹಾಕ್ಕೊಂಡು ಹೋಗು."

ಮೊದಲ ಮೀಟಿಂಗಿನ ಬೆಳಿಗ್ಗೆ ಕನ್ನಡಿಯ ಮುಂದೆ ನಿಂತೆ. ಸ್ಕರ್ಟು, ನಿನ್ನ ಕೋಟು, ಹಿಂದಕ್ಕೆ ಬಾಚಿ ಕಟ್ಟಿದ ಕೂದಲು. ಎಲ್ಲ ಸರಿಯಾಗಿತ್ತು, ಹಣೆ ಒಂದು ಬಿಟ್ಟು. ಪೇಪರಿನವರು ಫೋಟೋ ತೆಗೆಯಲು ಬರುತ್ತಾರೆಂದು ಗೊತ್ತಿತ್ತು. ಒರೆಸಿಕೋ ಎಂದು ಯಾರೂ ಹೇಳಲಿಲ್ಲ. ಡೈರೆಕ್ಟರ್ ಹೇಳಲಿಲ್ಲ, ಇವರು ಹೇಳಲಿಲ್ಲ. ಟವೆಲ್ಲಿನ ತುದಿ ಒದ್ದೆ ಮಾಡಿ ನಾನೇ ಒರೆಸಿಕೊಂಡೆ. ಗಂಡ ಪಕ್ಕದ ಕೋಣೆಯಲ್ಲಿ ಶೇವ್ ಮಾಡಿಕೊಳ್ಳುತ್ತಿರುವಾಗ ಹೆಂಡತಿ ಹಣೆ ಒರೆಸಿಕೊಳ್ಳುವುದೆಂದರೆ ನಮ್ಮ ಕಡೆ ಏನೆಂದು ಬಿಡಿಸಿ ಹೇಳಬೇಕಿಲ್ಲ. ಅಮ್ಮ ನೋಡಿದ್ದರೆ ಕೆನ್ನೆಗೆ ಬಾರಿಸುತ್ತಿದ್ದಳು. ಮೆಟ್ಟಿಲಿಳಿಯುವಾಗ ನೀನು ಎದುರಾದೆ.

"ನಿನ್ನ ಕೆಂಪು ಎಲ್ಲಿ?"

"ಮರೆತೆ."

ನೀನು ನನ್ನ ಹಣೆಯನ್ನೇ ಒಂದು ಕ್ಷಣ ನೋಡಿದೆ. ನಾನು ಕೋಟಿನ ಗುಂಡಿ ಹಾಕಿಕೊಳ್ಳುತ್ತ ಇಳಿದುಹೋದೆ. ಮರುದಿನದ ಪೇಪರಿನಲ್ಲಿ ನನ್ನ ಫೋಟೋ ಬಂತು, ಸ್ಪ್ಯಾನಿಷ್ ಜನರಿಗೆ ಕಡೆಗೂ ಒಂದು ದನಿ ಸಿಕ್ಕಿತು ಎಂದು.

ಸಂಜೆ ಕ್ಲಿನಿಕ್ಕಿನ ಮಾತು ಬಂದದ್ದು ಮುಂದಿನ ಮೀಟಿಂಗಿನಲ್ಲಿ. ಅವತ್ತು ಬೆಳಿಗ್ಗೆ ಇವರು ಕಾಫಿ ಕುಡಿಯುತ್ತ, "ಸಂಜೆ ಕ್ಲಿನಿಕ್ ಅಂದ್ರೆ ನೀನೇ ಹೋಗ್ಬೇಕಾಗತ್ತೆ ಕಣೇ, ಸ್ಪ್ಯಾನಿಷ್ ಬರೋ ಡಾಕ್ಟರ್ ಇನ್ಯಾರಿದ್ದಾರೆ ಅಲ್ಲಿ? ಮಗೂನ ಯಾರು ನೋಡ್ಕೋತಾರೆ?" ಎಂದಿದ್ದರು. ಇವರ ಮೇಲೆ ಹಾಕಿ ಕೈ ತೊಳೆದುಕೊಳ್ಳುವುದಿಲ್ಲ. ಇವರು ಕೇಳಿದ್ದು ಪ್ರಶ್ನೆ. ಅದಕ್ಕೆ ಉತ್ತರ ನನ್ನ ಹತ್ತಿರವೇ ಇತ್ತು — ನೀನೇ ಹೇಳಿದ್ದೆ, ಮಗುವನ್ನು ನನ್ನ ಮಕ್ಕಳ ಜೊತೆ ಬಿಟ್ಟು ಹೋಗು ಅಂತ. ಆ ಮಾತನ್ನು ನಾನು ಇವರಿಗೆ ಹೇಳಲಿಲ್ಲ.

ಕಮಿಟಿಯಲ್ಲಿ ಯಾರೂ ಸಂಜೆ ಕ್ಲಿನಿಕ್ ಬೇಡ ಎನ್ನಲಿಲ್ಲ, ಕಾರ್ಮೆನ್. ಇದನ್ನು ನೀನು ತಿಳಿಯಬೇಕು. ಅಧ್ಯಕ್ಷರು ಕನ್ನಡಕ ತೆಗೆದು ನನ್ನ ಕಡೆ ತಿರುಗಿದರು. "ಡಾಕ್ಟರ್, ನಿಮ್ಮ ಜನ ಏನಂತಾರೆ? ನಿಜವಾಗಲೂ ಬೇಕಾದ್ರೆ ಮಾಡೋಣ" ಎಂದರು. ನಿಮ್ಮ ಜನ! ಎಲ್ಲರೂ ನನ್ನ ಮುಖ ನೋಡುತ್ತಿದ್ದರು. ಹೌದು, ಬೇಕು ಎಂಬ ಎರಡು ಮಾತು ಸಾಕಿತ್ತು. ನಾನು ಹೇಳಿದ್ದು:

"ಹಗಲು ಸಾಕು. ಅವರು ಬರ್ತಾರೆ."

ಅಷ್ಟೇ. ಅಧ್ಯಕ್ಷರು ತಲೆಯಾಡಿಸಿ ಮುಂದಿನ ವಿಷಯಕ್ಕೆ ಹೋದರು. ಯಾಕೆ ಹಾಗೆ ಹೇಳಿದೆ — ಎಷ್ಟು ಸಲ ತಿರುಗಿಸಿ ನೋಡಿದ್ದೇನೆ. ಸಂಜೆ ಮನೆಯಲ್ಲಿರುವ ಆಸೆ, ಅದಂತೂ ಇತ್ತು. ಅದರ ಹಿಂದೆ ಇನ್ನೊಂದು ಇತ್ತು. ನಾನು ಕಲಿತ ಆಸ್ಪತ್ರೆಯಲ್ಲಿ ರೋಗಿಯನ್ನು ನಿನಗೇನು ಬೇಕು ಎಂದು ಯಾರೂ ಕೇಳುತ್ತಿರಲಿಲ್ಲ. ಅವರಿಗೇನು ತಿಳಿಯುತ್ತದೆ, ನಾವೇ ನೋಡಿಕೊಳ್ಳುತ್ತೇವೆ ಎನ್ನುವುದೇ ನಮಗೆ ದಯೆಯ ಮಾತು. ಆ ಜಂಬವನ್ನು ವಿಮಾನದಲ್ಲಿ ಇಲ್ಲಿಯವರೆಗೂ ಹೊತ್ತು ತಂದಿದ್ದೆ. ನೀವೆಲ್ಲ ಹೇಗೋ ಬರುತ್ತೀರಿ ಎಂದುಕೊಂಡೆ. ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿಯಿತು.

ಸಂಜೆ ನಿನ್ನ ಅಡುಗೆಮನೆಗೆ ಬಂದೆ. ನೀನು ಕಾಫಿಗಿಟ್ಟು ಕಾಯುತ್ತಿದ್ದೆ. ಕೋಟನ್ನೂ ಬಿಚ್ಚದೆ ನಾನು ಹೇಳಿದೆ — "ಕಮಿಟಿ ಒಪ್ಪಲಿಲ್ಲ."

ನೀನು ಸಿಟ್ಟಾಗುತ್ತೀಯ ಎಂದುಕೊಂಡಿದ್ದೆ. ನೀನು ನನ್ನ ಕೈ ಹಿಡಿದುಕೊಂಡೆ. "ಪರವಾಗಿಲ್ಲ. ನೀನು ಕೇಳಿದೆಯಲ್ಲ. ಅವರಿಗೆ ಎದುರಾಗಿ ನೀನೊಬ್ಬಳು ಏನು ಮಾಡ್ತೀಯ?" ಎಂದೆ. ಬಯ್ದಿದ್ದರೆ ಬಹುಶಃ ಆಗಲೇ ಬಾಯಿ ಬಿಡುತ್ತಿದ್ದೆನೋ ಏನೋ. ಇಲ್ಲ, ಅದೂ ಸುಳ್ಳು. ಕಾಫಿ ಕುಡಿದು ಮೇಲೆ ಹೋದೆ.

ಆ ಶರತ್ಕಾಲದಲ್ಲಿ ನಿನಗೆ ಕೆಮ್ಮು ಶುರುವಾಯಿತು. ಬೆಳಿಗ್ಗೆ ಡಿಕಾಕ್ಷನ್ ಹಾಕುವಾಗ ನೆಲದ ಕೆಳಗಿನಿಂದ ಕೇಳಿಸುತ್ತಿತ್ತು. ಒಣ ಕೆಮ್ಮು, ಬಿಡದ ಕೆಮ್ಮು. ಮೈಸೂರಿನಲ್ಲಿ ಓದಿದ ಯಾವ ಡಾಕ್ಟರಿಗಾದರೂ ಆ ಕೆಮ್ಮು ಗೊತ್ತು. ಕ್ಲಿನಿಕ್ಕಿಗೆ ಬಾ, ಎಕ್ಸ್‌ರೇ ತೆಗೆಸೋಣ ಎಂದೆ. "ಯಾವಾಗ ಬರಲಿ? ನಾನು ಬಿಡೋ ಹೊತ್ತಿಗೆ ನೀವು ಮುಚ್ಚಿರ್ತೀರಿ" ಎಂದು ನೀನು ನಕ್ಕೆ. ಒಂದು ದಿನ ರಜ ಹಾಕು ಎಂದೆ. ಕೆಲಸ ಹೋದರೆ ಮಕ್ಕಳಿಗೆ ಏನು ಹಾಕಲಿ ಅಂದೆ ನೀನು. ನಾನು ಇನ್ನೂ ಒತ್ತಾಯ ಮಾಡಬಹುದಿತ್ತು, ಎಕ್ಸ್‌ರೇಯವನನ್ನು ಒಂದು ಸಂಜೆ ನಿಲ್ಲಿಸಿಕೊಳ್ಳಬಹುದಿತ್ತು. ಆದರೆ ಸಂಜೆಯ ಮಾತೆತ್ತಿದರೆ — ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ — ನನಗೆ ನನ್ನದೇ ಭಯ. ಕೆಮ್ಮಿನ ಸಿರಪ್ ಬಾಟಲಿ ತಂದುಕೊಟ್ಟೆ. ನಾನು, ಡಾಕ್ಟರು, ನಿನಗೆ ಸಿರಪ್ ಕೊಟ್ಟೆ.

ಹಿಮ ಬೀಳುವ ಹೊತ್ತಿಗೆ ನಿನ್ನ ಕರ್ಚೀಫಿನಲ್ಲಿ ರಕ್ತ ಕಂಡಿತು. ಆಗ ನಿನ್ನನ್ನು ಕರೆದುಕೊಂಡು ಓಡಿದೆ. ಎಕ್ಸ್‌ರೇ ನೋಡಿದೆ, ಬಲಗಡೆಯ ಶ್ವಾಸಕೋಶದ ಮೇಲ್ಭಾಗ ಕ್ಷಯಕ್ಕೆ ಹೋಗಿಬಿಟ್ಟಿತ್ತು. ಅವತ್ತು ನಾನು ಮೊದಲು ಮಾಡಿದ ಕೆಲಸವೇನು ಗೊತ್ತೆ? ಮನೆಗೆ ಹೋಗಿ ನನ್ನ ಮಗಳ ತೋಳಿಗೆ ಟಿಬಿ ಪರೀಕ್ಷೆಯ ಸೂಜಿ ಚುಚ್ಚಿದ್ದು. ನಿನ್ನ ಮಕ್ಕಳು ಕೆಳಗೇ ಇದ್ದರು. ಅವರ ಸರದಿ ಮರುದಿನ ಬಂತು. ಯಾರಿಗೂ ಏನೂ ಆಗಿರಲಿಲ್ಲ. ಅದು ಮಕ್ಕಳ ಪುಣ್ಯ, ನನ್ನದಲ್ಲ.

ನಿನ್ನನ್ನು ದೂರದ ಆಸ್ಪತ್ರೆಯಲ್ಲಿ ಇರಿಸಿದರು. ಮಕ್ಕಳನ್ನು ದ್ವೀಪಕ್ಕೆ, ನಿನ್ನ ಅಮ್ಮನ ಹತ್ತಿರ ಕಳಿಸಬೇಕಾಯಿತು. ವಿಮಾನ ನಿಲ್ದಾಣಕ್ಕೆ ಅವರನ್ನು ಡ್ರೈವ್ ಮಾಡಿಕೊಂಡು ಹೋದವಳು ನಾನೇ. ದಾರಿಯುದ್ದಕ್ಕೂ ಚಿಕ್ಕವಳು, ಅಮ್ಮ ಯಾವಾಗ ಬರ್ತಾಳೆ ಎನ್ನುತ್ತಿದ್ದಳು. ನೀನು ಗುಣವಾಗಿ ಬಂದೆ, ಅರ್ಧಕ್ಕರ್ಧ ಇಳಿದುಹೋಗಿದ್ದೆ. ಮಕ್ಕಳು ಬಂದ ದಿನ ಚಿಕ್ಕವಳು ಅಜ್ಜಿಯ ಲಂಗ ಬಿಟ್ಟು ನಿನ್ನ ಹತ್ತಿರ ಬರಲಿಲ್ಲ. ನೀನು ಕೈ ಚಾಚಿಕೊಂಡೇ ಇದ್ದೆ. ನಾನು ಬಾಗಿಲ ಹತ್ತಿರ ಸಿಹಿ ತಿಂಡಿಯ ಡಬ್ಬ ಹಿಡಿದು ನಿಂತಿದ್ದೆ.

ಇದಕ್ಕಿಂತ ದೊಡ್ಡದೊಂದು ಆಮೇಲೆ ತಿಳಿಯಿತು. ಬೀದಿಯ ಹೆಂಗಸರು ಮತ್ತೆ ಸಿಟಿ ಹಾಲ್‌ಗೆ ಹೋಗೋಣ ಎಂದು ಬಂದಾಗ ನೀನೇ ಬೇಡ ಅಂದೆಯಂತೆ. "ನಮ್ಮ ದೊಕ್ತೋರಾನೇ ಒಳಗೆ ಕೂತು ಕೇಳಿದ್ಲು, ಅವಳಿಗೇ ಆಗ್ಲಿಲ್ಲ. ಇನ್ನು ನಮ್ಮ ಮಾತು ಯಾರು ಕೇಳ್ತಾರೆ?" ಅಂದೆಯಂತೆ. ಮೆಟ್ಟಿಲ ಮೇಲೆ ಕೂತು ಒಂದು ಕುರ್ಚಿ ಗೆದ್ದವಳು ನೀನು! ನನ್ನ ಆ ಒಂದು ಸುಳ್ಳು ನಿನ್ನನ್ನು ಮನೆಯೊಳಗೆ ಕೂರಿಸಿತು. ಆಮೇಲೆ ಯಾರೂ ಹೋಗಲಿಲ್ಲ. ಸಂಜೆ ಕ್ಲಿನಿಕ್ ಇವತ್ತಿಗೂ ಇಲ್ಲ.

ಎಪ್ಪತ್ತರ ದಶಕವೂ ಮುಗಿಯುತ್ತ ಬಂತು. ನಾವು ಹಿಲ್ಸ್‌ಬರೋದಲ್ಲಿ ಮನೆ ಕೊಂಡು ಬಂದಿದ್ದೇವೆ. ಸುತ್ತ ಹುಲ್ಲು, ಕೆಳಗೆ ಯಾರ ಕೆಮ್ಮೂ ಕೇಳಿಸುವುದಿಲ್ಲ. ಆದರೂ ಡಿಕಾಕ್ಷನ್ ಹಾಕುವಾಗ ಕಿವಿ ನೆಲದ ಕಡೆಗೇ ಹೋಗುತ್ತದೆ. ಕನ್ನಡದವರು ಯುಗಾದಿಗೆ ಸೇರಿದಾಗ ಯಾರಾದರೂ, "ಸುಮಿತ್ರ ಆ ಸ್ಪ್ಯಾನಿಷ್ ಜನಕ್ಕೆ ಎಷ್ಟು ಮಾಡಿದ್ದಾರೆ ಗೊತ್ತಾ" ಎಂದು ಶುರುಮಾಡುತ್ತಾರೆ. ನಾನು ಎದ್ದು ಪಾಯಸ ಬಡಿಸಲು ಹೋಗುತ್ತೇನೆ.

ಮೊನ್ನೆ ಡೈರೆಕ್ಟರ್ ಫೋನ್ ಮಾಡಿದ್ದರು. ಕಮಿಟಿಯ ಕುರ್ಚಿಯಲ್ಲಿ ಇನ್ನೊಂದು ಅವಧಿ ಮುಂದುವರಿಯಬೇಕಂತೆ. "ನಾನು ಅವರವಳಲ್ಲ, ಯಾವತ್ತೂ ಆಗಿರಲಿಲ್ಲ" ಎಂದೆ. "ಇಷ್ಟು ವರ್ಷ ಆದ್ಮೇಲೆ ಅದನ್ನ ಯಾರು ಕೇಳ್ತಾರೆ?" ಎಂದು ಅವರು ನಕ್ಕರು. ಕುರ್ಚಿ ಬಿಟ್ಟಿದ್ದೇನೆ. ಅವತ್ತು ಕಮಿಟಿಗೆ ಹೇಳಿದ್ದು ಸುಳ್ಳು ಎಂದು ಮುಂದಿನ ಮೀಟಿಂಗಿನಲ್ಲಿ ನಿಂತು ಹೇಳುತ್ತೇನೆ. ಆದರೆ ಅದಕ್ಕೂ ಮೊದಲು ಹೇಳಬೇಕಾದ ಜಾಗ ಇನ್ನೊಂದಿದೆ.

ಈ ಶನಿವಾರ ನಿನ್ನ ಮನೆಗೆ ಬರುತ್ತೇನೆ, ಕುಂಕುಮ ಇಟ್ಟುಕೊಂಡು. ಕಾರಿನಲ್ಲಿ ಒಬ್ಬಳೇ ಹೋಗುವಾಗ ನೀನು ಕಲಿಸಿದ ಭಾಷೆಯಲ್ಲೇ ಆ ಮಾತನ್ನು ಗಟ್ಟಿ ಮಾಡಿಕೊಳ್ಳುತ್ತಿದ್ದೇನೆ: ಕಮಿಟಿ ಒಪ್ಪಲಿಲ್ಲ ಅಂದದ್ದು ಸುಳ್ಳು, ಅವರು ಒಪ್ಪಲು ಸಿದ್ಧರಿದ್ದರು, ಬೇಡ ಎಂದವಳು ನಾನು. ನೀನು ಬಾಗಿಲು ತೆಗೆದ ಕೂಡಲೇ ಒಳಗೆ ಎಳೆದುಕೊಂಡು ಕಾಫಿಗಿಡುತ್ತೀಯ, ನಿನ್ನನ್ನು ನಾನು ಬಲ್ಲೆ. ಆ ಕಾಫಿ ಕುಡಿದರೆ ಮತ್ತೆ ಬಾಯಿ ಕಟ್ಟಿಹೋಗುತ್ತದೆ. ಹೊಸ್ತಿಲ ಹೊರಗೆ ನಿಂತೇ ಹೇಳುತ್ತೇನೆ. ಕೇಳಿದ ಮೇಲೂ ಒಳಗೆ ಕರೆಯಬೇಕೋ ಬೇಡವೋ, ಅದನ್ನಾದರೂ ನಿನ್ನ ಪರವಾಗಿ ನಾನು ಹೇಳುವುದಿಲ್ಲ.