ಖೈರುನ್ ಬೀ ಇಟ್ಟುಕೊಂಡ ಚಾಬೂಕು

ಮೊನ್ನೆ ಸೊಸೆ ಸುಮಿತ್ರಾ ಹಿತ್ತಾಳೆ ಬಟ್ಟಲಿನಲ್ಲಿ ಸಾಸಿವೆ ಎಣ್ಣೆ ಕಾಯಿಸಿ, ಅದಕ್ಕೆ ಕರ್ಪೂರ ಪುಡಿಮಾಡಿ ಹಾಕಿಕೊಂಡು ಬಂದು, "ಕಾಲು ಚಾಚ್ರಿ ಅತ್ತಿ" ಎಂದು ಮುಂದೆ ಕೂತಳು. ಎಣ್ಣೆ ಮೊಣಕಾಲಿಗೆ ತಾಗುವ ಮೊದಲೇ ವಾಸನೆ ಮೂಗಿಗೆ ತಾಗಿತು. ನನಗೆ ನಗು ಬಂತು.

"ಯಾಕ್ರಿ, ಕಚಗುಳಿ ಆಯ್ತೇನ್ರಿ?"

"ಇಲ್ಲವಾ. ಇದು ಕುದುರಿ ಎಣ್ಣಿ."

ಪಾಪ, ಅವಳ ಮುಖ ಸಣ್ಣಗಾಯಿತು. ಡಾಕ್ಟರರು ಹೇಳಿದ್ದನ್ನೇ ಮಾಡಿಕೊಂಡು ಬಂದವಳು ಅವಳು. ಅತ್ತೆಯಾದವಳು ಒಳ್ಳೆಯ ಮಾತನ್ನೂ ಬಿಡಿಸಿ ಹೇಳಬೇಕಾಗುತ್ತದೆ ನೋಡಿ. ಪಡಸಾಲೆಯ ಹೊರಸಿನ ಮೇಲೆ ಪೇಪರು ಹಿಡಿದು ಕೂತಿದ್ದ ನಮ್ಮ ಯಜಮಾನರು ಮಾತ್ರ ತಲೆ ಎತ್ತಿ ನನ್ನ ಕಡೆ ನೋಡಿ, ಮತ್ತೆ ಪೇಪರಿನ ಹಿಂದೆ ಹೋದರು. ಅವರಿಗೆ ಬಿಡಿಸಿ ಹೇಳುವ ಅಗತ್ಯವಿರಲಿಲ್ಲ.

ಈಗ ನಾವು ಭಾಲ್ಕಿಯಲ್ಲಿ ಮಗನ ಮನೆಯಲ್ಲಿದ್ದೇವೆ. ಶಿವನ ದಯೆಯಿಂದ ಬಾಗಿಲ ಮುಂದೆ ನೀರಿನ ನಳ, ಹಿತ್ತಲಲ್ಲಿ ಬಿಲ್ವದ ಗಿಡ ಇವೆ, ಕಾಲು ಚಾಚ್ರಿ ಎನ್ನುವ ಸೊಸೆ ಇದ್ದಾಳೆ. ಬೆಳಿಗ್ಗೆ ವಿಭೂತಿ ಹಚ್ಚಿಕೊಂಡು ಕೂತಾಗ ಇಂಥವನ್ನು ಒಂದೊಂದಾಗಿ ನೆನೆಯುವುದು ನನ್ನ ರೂಢಿ. ದೊಡ್ಡದನ್ನು ಬೇಡಿದವಳಲ್ಲ ನಾನು. ಬೇಡಿದ್ದು ಒಂದೇ ಸಲ, ಅದೂ ಒಂದು ಚಾಬೂಕನ್ನು, ಕುದುರೆಯ ಚಾವಟಿಯನ್ನು.

ನನ್ನ ತವರು ಔರಾದ್ ಕಡೆಯ ಚಿಂತಾಕಿ. ನಮ್ಮ ಸೀಮೆ ಮೈಸೂರು ರಾಜ್ಯಕ್ಕೆ ಸೇರಿದ ವರ್ಷ, ಬೇಸಿಗೆಯಲ್ಲಿ, ಬಗದಲ್ ದಾರಿಯ ಒಂದು ಹಳ್ಳಿಗೆ ನನ್ನನ್ನು ಕೊಟ್ಟರು. ಅತ್ತೆ, ಮಾವ, ಇಬ್ಬರು ಭಾವಂದಿರು, ನೆಗೆಣ್ಣಿಯರು, ಅವರ ಮಕ್ಕಳು, ತುಂಬಿದ ಮನೆ. ಹೊಸ ಸೊಸೆ ಹಗಲಲ್ಲಿ ಗಂಡನ ಎದುರು ನಿಂತು ಮಾತಾಡುವ ಪದ್ಧತಿ ಅಲ್ಲಿರಲಿಲ್ಲ. ರಾತ್ರಿಯೂ ಗೋಡೆಯಾಚೆ ಕೆಮ್ಮುವವರು ಯಾರಾದರೂ ಇದ್ದೇ ಇರುತ್ತಿದ್ದರು. ದೀಪಾವಳಿಯ ಹೊತ್ತಿಗೂ ಯಜಮಾನರ ದನಿಯನ್ನು ನಾನು ಹೆಚ್ಚಾಗಿ ಕೇಳಿದ್ದು ಅವರು ಕುದುರೆಯ ಸಂಗಡ ಮಾತಾಡುವಾಗ. ಕೆಂದು ಬಣ್ಣದ ಹೆಣ್ಣುಕುದುರೆ, ಹೆಸರು ಗಂಗಿ. "ನೀರು ಕುಡದ್ಯಾ ಗಂಗಿ? ಬೇಜಾರಾಗ್ಯಾದೇನು?" ಎಂದು ಕೇಳುತ್ತಿದ್ದರು. ನನ್ನನ್ನು ಹಾಗೆ ಕೇಳಿದವರಿಲ್ಲ. ಕುದುರೆಯ ಮೇಲೆ ನನಗೆ ಸ್ವಲ್ಪ ಹೊಟ್ಟೆಕಿಚ್ಚು ಇದ್ದದ್ದೂ ನಿಜ.

ರಾಜ್ಯ ಸೇರಿದ ಸಂಭ್ರಮಕ್ಕೆ ಬೀದರಿನಲ್ಲಿ ಸಾಲೆ ಮಕ್ಕಳಿಗೆ ಪೇಢಾ ಹಂಚಿದರು, ಭಾಷಣಗಳಾದವು. ಕಡೆಗೆ ಕೋಟೆಯ ಹೊರಗಿನ ಬಯಲಿನಲ್ಲಿ ಕುದುರೆ ಓಟ. ಹಳ್ಳಿಗಳಿಂದ ಏಳೆಂಟು ಮಂದಿ ಸವಾರರು ಬಂದಿದ್ದರು. ದೂರದ ಹುಣಸೆ ಮರವನ್ನು ಎಡಕ್ಕೆ ಸುತ್ತಿ ತಿರುಗಿ ಬರಬೇಕು. ಆ ತಿರುವಿನಲ್ಲಿ, ಓಟದ ದಾರಿಯ ಬಲಗಡೆ, ಬೇರೊಂದು ಮರದ ನೆರಳಲ್ಲಿ ಹೆಂಗಸರು ಕೂತಿದ್ದೆವು. ಅತ್ತೆ ನನಗೆ, "ಸೆರಗು ತಗೀಬ್ಯಾಡ" ಎಂದು ಹೇಳಿಯೇ ಕೂರಿಸಿದ್ದರು. ಕುದುರೆಗಳ ಕಾಲಿನ ಸದ್ದು ಹತ್ತಿರ ಬಂದಾಗ ಸೆರಗು ತಾನಾಗಿ ಹಿಂದೆ ಸರಿಯಿತು ಎಂದುಕೊಳ್ಳಿ.

ಆ ಓಟದಲ್ಲಿ ಎಲ್ಲರಿಗೂ ಗೊತ್ತಿದ್ದ ಒಂದು ಕಟ್ಟಳೆ ಇತ್ತು. ತಿರುವಿನಲ್ಲಿ ಕುದುರೆಯನ್ನು ಒಳಕ್ಕೆ ಎಳೆಯುವ ಮೊದಲು ಸವಾರ ಎಡ ಹೆಗಲ ಮೇಲಿಂದ ಹೊರಳಿ ನೋಡಬೇಕು, ಹಿಂದಿನವರಿಗೆ ಎಚ್ಚರವಾಗಲೆಂದು "ಹೋಶಿಯಾರ್!" ಎಂದು ಕೂಗಬೇಕು. ನಮ್ಮವರು ಎಲ್ಲರಿಗಿಂತ ಮುಂದಿದ್ದರು. ನೋಡಬೇಕಾದದ್ದು ಎಡಕ್ಕೆ, ಆದರೆ ಅವರ ಮುಖ ಬಲಕ್ಕೆ, ನಮ್ಮ ಕಡೆಗಿತ್ತು. ಯಾರನ್ನು ನೋಡುತ್ತಿದ್ದಾರೆ ಎಂದು ತಿಳಿಯಲು ನಾನೂ ಹಿಂದೆ ತಿರುಗಿ ನೋಡಿದೆ. ಬೆನ್ನ ಹಿಂದೆ ಒಬ್ಬ ಮುದುಕಿ ಬಾರೆಹಣ್ಣು ಮಾರುತ್ತಿದ್ದಳು. ಮತ್ತೆ ಈ ಕಡೆ ತಿರುಗುವಷ್ಟರಲ್ಲಿ ಆಗಬಾರದ್ದು ಆಗಿಹೋಗಿತ್ತು. ಗಂಗಿ ಒಳಕ್ಕೆ ನುಗ್ಗಿ, ಒಳಗಿನಿಂದ ಬರುತ್ತಿದ್ದ ಬೂದು ಕುದುರೆಯ ಭುಜಕ್ಕೆ ಬಡಿದಿತ್ತು. ಅದರ ಸವಾರ ಧೂಳಿನಲ್ಲಿ ಬಿದ್ದಿದ್ದ. ಕುದುರೆ ಮೊಣಕಾಲೂರಿ ಎದ್ದು ಕುಂಟುತ್ತಿತ್ತು.

ಬಿದ್ದವನು ಮಹಬೂಬ್, ಬೀದರಿನ ಟಾಂಗಾದವನು. ದೇವರು ದೊಡ್ಡವನು, ಅವನಿಗೆ ಮೊಣಕೈ ಸುಲಿದದ್ದು ಬಿಟ್ಟರೆ ಏನೂ ಆಗಲಿಲ್ಲ. ಟಾಂಗಾ ಎಳೆಯಲು ಮನೆಯಲ್ಲಿ ಬೇರೊಂದು ಕುದುರೆಯಿತ್ತು. ಆದರೆ ಬೂದು ಕುದುರೆಯ ಭುಜ ಬಾತಿತ್ತು.

ಓಟದ ಪಂಚರಲ್ಲಿ ಹಿರಿಯರು ಒಬ್ಬ ಮುದಿ ರಿಸಾಲ್ದಾರರು, ನಿಜಾಮರ ಕಾಲದಲ್ಲಿ ಸವಾರರ ಪಡೆಯಲ್ಲಿದ್ದವರು. ನಮ್ಮವರನ್ನು ಕರೆಸಿ, "ಎತ್ತ ನೋಡ್ತಿದ್ದಿ?" ಎಂದು ಕೇಳಿದರು. ಇವರು ಸುಮ್ಮನೆ ನಿಂತರು. ಮತ್ತೆ ಕೇಳಿದರು. ಮಾವನವರು ಹಿಂದಿನಿಂದ, "ಬಾಯಾಗ ಬೆಲ್ಲ ಇಟ್ಕೊಂಡೀಯೇನು? ಹೇಳೋ!" ಎಂದು ಗದರಿದರೂ ತುಟಿ ಬಿಚ್ಚಲಿಲ್ಲ.

ಪಕ್ಕದ ಕುರ್ಚಿಯಲ್ಲಿ ಮೈಸೂರು ಕಡೆಯಿಂದ ಹೊಸದಾಗಿ ಬಂದ ಅಧಿಕಾರಿಯೊಬ್ಬರು ಕೂತಿದ್ದರು. ಅವರ ಕನ್ನಡ ನಮಗೆ ಪುಸ್ತಕದಲ್ಲಿನ ಹಾಗೆ ಕೇಳುತ್ತಿತ್ತು. "ನಮ್ಮ ಕಡೆ ರೇಸಿನಲ್ಲಿ ಹೀಗೆ ಅಡ್ಡ ಬಂದರೆ ಸವಾರನಿಗೆ ದಂಡ ಹಾಕ್ತಾರೆ. ಇಂತಿಷ್ಟು ದಿನ ಕುದುರೆ ಹತ್ತಬೇಡ ಅಂತ ಬರೆದು ಕೈಗೆ ಕೊಡ್ತಾರೆ. ಅಷ್ಟು ಮಾಡಿ ಮುಗಿಸಿಬಿಡಿ" ಎಂದರು.

ರಿಸಾಲ್ದಾರರು ಗಡ್ಡ ನೀವಿಕೊಂಡರು. "ಸಾಹೇಬ್ರ, ಬರೆದು ಕೊಟ್ಟಿದ್ದು ಕಿಸೇದಾಗ ಹೋಗ್ತದ್ರಿ. ಈ ಹುಡುಗ ಕುದುರಿ ಬಾಜೂಕ ನಡೀಲಿ. ಬಾಜೂಕ ಯಾರ ಇರ್ತಾರ ಅಂತ ಆವಾಗ ತಿಳೀತದ."

"ಎಷ್ಟು ದಿನ?"

"ಅದು ನನ್ನ ಕೈಯಾಗಿಲ್ರಿ. ಮಹಬೂಬನ ಹೆಂಡ್ತಿ ಕೈಯಾಗದ."

ಹಳೆಯ ಪದ್ಧತಿಯೇ ಹಾಗಿತ್ತು. ಅಜಾಗರೂಕತೆಯಿಂದ ಓಡಿಸಿದವನ ಚಾಬೂಕು ಬಿದ್ದವನ ಮನೆಯ ಹೆಂಗಸಿನ ಕೈ ಸೇರಬೇಕು. ಪ್ರತಿ ವಾರ ಇವನು ತನ್ನ ಕುದುರೆಯನ್ನು ಹಿಡಿದುಕೊಂಡು ಆ ಮನೆಗೆ ನಡೆದೇ ಹೋಗಿ, ನೊಂದ ಕುದುರೆಗೆ ಮಾಲೀಸು ಮಾಡಬೇಕು. ಆಕೆ ಮನಸ್ಸು ತುಂಬಿ ಚಾಬೂಕು ತಿರುಗಿ ಕೊಡುವವರೆಗೆ ಇವನು ಕುದುರೆ ಹತ್ತುವಂತಿಲ್ಲ. ಊರು ದಾಟಿದ ಮೇಲೆ ಕದ್ದು ಹತ್ತಿಯಾನೆಂದು ಮನೆಯವರೊಬ್ಬರು ಸಾಕ್ಷಿಯಾಗಿ ಜೊತೆಗೆ ಹೋಗಬೇಕು.

ಸಾಕ್ಷಿ ಯಾರು? ಮಾವ, ಭಾವಂದಿರು ಜೋಳದ ಹೊಲದಲ್ಲಿದ್ದರು. ಅತ್ತೆಗೆ ಮೊಣಕಾಲು ನೋವು. ನೆಗೆಣ್ಣಿಯರ ಬಗಲಲ್ಲಿ ಕೂಸುಗಳು. ಅತ್ತೆ ನನ್ನನ್ನು ಮೇಲಿಂದ ಕೆಳಗೆ ನೋಡಿ, "ನೀನೇ ಹೋಗು. ಸೋಮವಾರ ಹೋಗ್ರಿ, ಪಾಪನಾಶದಾಗ ಶಿವನ ದರ್ಶನನೂ ಆಗ್ತದ. ನನ್ನ ಮಗಗ ಅದರದೇ ಜರೂರದ" ಎಂದರು.

ಹೀಗೆ ನಮ್ಮ ಮೆರವಣಿಗೆ ಶುರುವಾಯಿತು. ಮುಂದೆ ಯಜಮಾನರು, ಅವರ ಕೈಯಲ್ಲಿ ಲಗಾಮು, ನಡುವೆ ಗಂಗಿ, ಹಿಂದೆ ರೊಟ್ಟಿ ಗಂಟು ಹೊತ್ತ ನಾನು. ದಾರಿಯ ಜನಕ್ಕೆ ಹಬ್ಬ. "ಏನ್ರಿ ಗೌಡ್ರ, ಕುದುರಿಗಿ ಕಾಲು ನೋವೇನ್ರಿ?" ಎಂದು ಒಬ್ಬ. "ಇಲ್ಲೋ, ಇವತ್ತು ಕುದುರಿ ಅವ್ರ ಮ್ಯಾಲ ಹತ್ತತದಂತ, ಜಾಗ ಹುಡುಕ್ಲಿಕ್ಕತ್ಯಾರ" ಎಂದು ಇನ್ನೊಬ್ಬ. ಮೊದಲ ಸೋಮವಾರ ಇವರ ಕಿವಿ ಕೆಂಪಾಗಿ, ಬೀದರ್ ಬರುವ ತನಕ ತಿರುಗಿಯೂ ನೋಡಲಿಲ್ಲ.

ಎರಡನೆಯ ವಾರ, ಹಳ್ಳ ದಾಟಿದ ಮೇಲೆ, ಗಂಗಿಯ ಕತ್ತಿನ ಆಚೆಯಿಂದ ದನಿ ಬಂತು. "ನೀರು ಕುಡೀತಿಯೇನು?"

ಕುದುರೆಗೆ ಕೇಳಿದ್ದೆಂದು ನಾನು ಸುಮ್ಮನೆ ನಡೆದೆ.

"ನಿಂಗೇ ಕೇಳ್ಲಿಕತ್ತೀನಿ."

ಆ ನೀರಿನ ರುಚಿ ಇನ್ನೂ ನಾಲಗೆಯ ಮೇಲಿದೆ. ಅಲ್ಲಿಂದ ಮಾತು ಶುರುವಾಯಿತು ನೋಡಿ, ಹಳ್ಳದಿಂದ ಬೀದರಿನವರೆಗೂ ಮುಗಿಯಲಿಲ್ಲ. ನನ್ನ ತವರಿನ ಬಾವಿಯಲ್ಲಿ ಎಷ್ಟು ನೀರಿದೆ, ನನಗೆ ಈಜು ಬರುತ್ತದೋ, ಪುಂಡಿಪಲ್ಯ ಸೇರುತ್ತದೋ, ಎಲ್ಲ ಕೇಳಿದರು. ಹೊಸ ರಾಜ್ಯದಲ್ಲಿ ಕಚೇರಿ ಕಾಗದ ಕನ್ನಡದಲ್ಲಿ ಬರುತ್ತವಂತೆ, ಉರ್ದು ಕಲಿತ ತನ್ನ ಗತಿಯೇನು ಎಂದು ನಕ್ಕರು. ನಾನು ಅಪ್ಪನಿಂದ ಕನ್ನಡ ಅಕ್ಷರ ಕಲಿತಿದ್ದೆ. ನಿಂತು ದಾರಿಯ ಧೂಳಿನಲ್ಲಿ ಬೆರಳಿನಿಂದ ಅವರ ಹೆಸರು ಬರೆದೆ. ಬಾಯಿಂದ ಹೇಳಬಾರದ ಹೆಸರು, ಬರೆಯಬಾರದೆಂದು ಯಾರೂ ಹೇಳಿರಲಿಲ್ಲವಲ್ಲ.

ಇನ್ನೊಂದು ಸೋಮವಾರ ನನ್ನ ಕಾಲಿಗೆ ಜಾಲಿ ಮುಳ್ಳು ಮುರಿಯಿತು. "ನೀ ಹತ್ತು" ಎಂದರು. "ಶಿವಾ ಶಿವಾ! ಯಾರರ ನೋಡಿದ್ರ?" ಎಂದೆ. "ಹತ್ತಬ್ಯಾಡ ಅಂದಿದ್ದು ನಂಗ, ನಿಂಗಲ್ಲ." ಕಚ್ಚೆ ಸೀರೆ ಉಡುವ ಸೀಮೆಯಲ್ಲಿ ಹುಟ್ಟಿದ್ದು ಆ ದಿನ ಉಪಯೋಗಕ್ಕೆ ಬಂತು. ಗಂಗಿಯ ಬೆನ್ನ ಮೇಲಿಂದ ಕಂಡ ಹೊಲಗಳನ್ನು ಏನೆಂದು ಹೇಳಲಿ! ಜೋಳದ ಎಳೆ ಪೈರು ಆಕಾಶದ ಅಂಚಿನವರೆಗೂ ಹೋಗಿತ್ತು. ಬೀದರಿನ ಮನೆಗಳು ಕಾಣುವ ಮೊದಲೇ ಇಳಿದುಬಿಟ್ಟೆ.

ಆದರೆ ಮಹಬೂಬನ ಹೆಂಡತಿ ಖೈರುನ್ ಬೀಯ ಕಣ್ಣು ತಪ್ಪಿಸುವುದುಂಟೇ? ಊರ ನಡುವಿನ ಚೌಬಾರಾ ಗೋಪುರದ ಹಿಂದಿನ ಓಣಿಯಲ್ಲಿ ಅವರ ಮನೆ, ಪಕ್ಕದಲ್ಲೇ ಕುದುರೆ ಕಟ್ಟುವ ತಬೇಲಾ. ದಪ್ಪನೆಯ ಹೆಂಗಸು, ಬಾಯಲ್ಲಿ ಸದಾ ಎಲೆ ಅಡಿಕೆ. ಇವರು ತಬೇಲಾದಲ್ಲಿ ಬೂದು ಕುದುರೆಯ ಭುಜಕ್ಕೆ ಕರ್ಪೂರದ ಎಣ್ಣೆ ಉಜ್ಜುತ್ತಿದ್ದರೆ ನಾನು ಅವಳ ಒಲೆಯ ಬಳಿ ಕೂರುತ್ತಿದ್ದೆ. ರೊಟ್ಟಿಗೆ ಹಚ್ಚಿಕೊಳ್ಳುವ ನನ್ನ ಶೇಂಗಾ ಹಿಂಡಿ ಅವಳಿಗೆ, ಅವಳ ಮರದ ಸೀತಾಫಲ ನನಗೆ. ಆ ದಿನ ನನ್ನ ಸೀರೆಗೆ ಅಂಟಿದ ಕೆಂಪು ಕೂದಲನ್ನು ಎರಡು ಬೆರಳಲ್ಲಿ ಹಿಡಿದೆತ್ತಿ, "ಅರೆ ಬೇಟಿ, ಕುದುರಿ ನಿನ್ನ ಹತ್ಯಾದೋ, ನೀ ಕುದುರಿ ಹತ್ತೀಯೋ?" ಎಂದು ಹೊಟ್ಟೆ ಹಿಡಿದು ನಕ್ಕಳು. ಯಾರಿಗೂ ಹೇಳಲಿಲ್ಲ, ಪುಣ್ಯಾತ್ಗಿತ್ತಿ.

ಚಾಬೂಕು ಅವಳ ಬಾಗಿಲ ಹಿಂದಿನ ಗೂಟಕ್ಕೆ ತೂಗುತ್ತಿತ್ತು. ಮೊದಮೊದಲು ಇವರು ಹೊರಡುವಾಗ ಅದರ ಕಡೆ ನೋಡಿ, "ಬೀ, ಇವತ್ತು?" ಎಂದು ಕೇಳುತ್ತಿದ್ದರು. "ಇನ್ನಾ ಇಲ್ಲ ಬೇಟಾ" ಎನ್ನುತ್ತಿದ್ದಳು. ಬೂದು ಕುದುರೆಯ ಬಾವು ಇಳಿಯಿತು, ಕುಂಟು ಹೋಯಿತು, ಒಂದು ವಾರ ಅದು ಟಾಂಗಾ ಎಳೆದುಕೊಂಡು ನಮ್ಮ ಎದುರಿಗೇ ಬಂತು. ಆದರೂ ಚಾಬೂಕು ಗೂಟದಲ್ಲೇ.

ಅಷ್ಟರಲ್ಲಿ ಮಾವನವರ ತಾಳ್ಮೆ ಮುಗಿದಿತ್ತು. "ಯಾರೂ ಹತ್ತದ ಕುದುರಿಗಿ ಯಾಕ ಕಡ್ಲಿ ಹಾಕ್ಬೇಕು? ಮುಂದಿನ ವಾರ ಮಾಳೇಗಾಂವ ಕುದುರಿ ಬಜಾರಿಗಿ ಹೊಡೀತೀನಿ. ಕಮಲನಗರದ ಆಚಿ ಈಗ ಬೇರೆ ರಾಜ್ಯ, ಕುದುರಿ ಹೋದ್ರ ಮತ್ತ ಕಣ್ಣಿಗಿ ಬೀಳಂಗಿಲ್ಲ" ಎಂದರು. ಹೊರಡುವುದು ಗುರುವಾರವೆಂದು ಗೊತ್ತಾಯಿತು. ನಡುವೆ ಉಳಿದದ್ದು ಒಂದೇ ಸೋಮವಾರ. ನನ್ನ ಹೊಟ್ಟೆಕಿಚ್ಚೆಲ್ಲ ಎಲ್ಲಿ ಹೋಯಿತೋ, ಹಿತ್ತಲಲ್ಲಿ ಗಂಗಿಯ ಕತ್ತು ತಬ್ಬಿ ಅತ್ತುಬಿಟ್ಟೆ.

ಆ ಸೋಮವಾರ ಪಾಪನಾಶದಲ್ಲಿ ಶಿವನ ಮುಂದೆ ಸೆರಗೊಡ್ಡಿದೆ. ಮಕ್ಕಳನ್ನು ಬೇಡಲಿಲ್ಲ, ಬಂಗಾರ ಬೇಡಲಿಲ್ಲ, "ಆ ಚಾಬೂಕು ಕೊಡಿಸಪ್ಪಾ" ಎಂದೆ. ಆಶ್ಚರ್ಯವೆಂದರೆ, ಇವರು ಚಾಬೂಕಿನ ಮಾತೆತ್ತುವುದನ್ನೇ ಬಿಟ್ಟಿದ್ದರು. ಅಂದೂ ಕೈ ತೊಳೆದುಕೊಂಡು, ಲಗಾಮು ಹಿಡಿದು ಹೊರಗೆ ನಿಂತರು. ನನಗೆ ಸಿಟ್ಟು ಬಂತು. ಒಳಗೆ ಹೋಗಿ ನಾನೇ ಕೇಳಿದೆ. "ಬೀ, ಗುರುವಾರ ನಮ್ಮ ಗಂಗಿನ ಮಾರ್ಲಿಕ್ಕ ಒಯ್ತಾರ. ನಿನ್ನ ಕುದುರಿ ಆರಾಮ ಆಗ್ಯಾದ. ಇನ್ನ ಯಾವ ಸಿಟ್ಟು ಉಳಿದದ?"

ಅವಳು ಎಲೆ ಅಡಿಕೆ ಉಗಿದು ಬಂದು, ನನ್ನ ಗಲ್ಲ ಹಿಡಿದಳು. "ಸಿಟ್ಟಾ? ಅದು ಮೊದಲ್ನೇ ದಿನಾನೇ ಹೋಯ್ತು ಬೇಟಿ. ಎತ್ತ ನೋಡ್ತಿದ್ದಿ ಅಂತ ನಿನ್ನ ಗಂಡಗ ನಾನೂ ಕೇಳಿದ್ನಿ. ಪಂಚರ ಮುಂದ ಬಿಡದ ಬಾಯಿ ನನ್ನ ಮುಂದ ಬಿಟ್ಟ. 'ನನ್ನ ಹೆಂಡ್ತಿ ಸೆರಗು ಸರೀತು ಬೀ, ಮದಿವಿ ಆದಮ್ಯಾಲ ಬೆಳಕಿನಾಗ ಅಕಿ ಮುಖ ಅವತ್ತೇ ನೋಡಿದ್ದು' ಅಂದ. 'ಮನ್ಯಾಗ ಮಾತಾಡಂಗಿಲ್ಲೇನು' ಅಂದ್ರ, 'ಎಲ್ಲಿ ಬೀ' ಅಂದ. ದಾರ್ಯಾಗರ ಇಬ್ರೂ ಮಾತಾಡ್ಲಿ ಅಂತ ಇಟ್ಕೊಂಡ್ನಿ."

ನನಗೆ ಮುಖ ಎಲ್ಲಿಡಬೇಕೆಂದು ತಿಳಿಯಲಿಲ್ಲ. ಬಾರೆಹಣ್ಣಿನ ಮುದುಕಿಯ ಕಡೆ ತಿರುಗಿ ನೋಡಿದ ನನ್ನ ಬುದ್ಧಿಗೆ ಏನೆನ್ನಲಿ!

"ತಗೋ, ಒಯ್ಯಿ" ಎಂದು ಖೈರುನ್ ಬೀ ಚಾಬೂಕನ್ನು ನನ್ನ ಕೈಗಿಟ್ಟಳು. "ಕುದುರಿ ಹೋದ್ರ ನೀವು ಸೋಮವಾರ ಹ್ಯಾಂಗ ಬರ್ತೀರಿ?"

ಹೊರಗೆ ಬಂದು ಅವರಿಗೆ ಕೊಟ್ಟೆ. ತೊಗಲನ್ನು ಬೆರಳಲ್ಲಿ ಸವರಿ, ಬಗಲಲ್ಲಿ ಸಿಕ್ಕಿಸಿಕೊಂಡರು. ಗಂಗಿ ಬೆನ್ನು ಕೊಟ್ಟು ನಿಂತಿತ್ತು, ಇವರು ಹತ್ತಲಿಲ್ಲ. "ಇವತ್ತೊಂದಿನ ನಡದೇ ಹೋಗೂಣು" ಎಂದರು. ಮನೆಯಲ್ಲಿ ಮಾವನವರು ಚಾಬೂಕು ನೋಡಿ, ಮಾರುವ ಮಾತು ಬಿಟ್ಟು, ಗಂಗಿಗೆ ಕಡಲೆ ಹಾಕಲು ಹೋದರು. ಮರುವರ್ಷದ ಓಟದಲ್ಲಿ ಇವರು ತಿರುವಿನಲ್ಲಿ ಎಷ್ಟು ಸಲ ಹೊರಳಿ ನೋಡಿ ಎಷ್ಟು ಸಲ ಕೂಗಿದರೆಂದರೆ, ಎಲ್ಲರಿಗಿಂತ ಹಿಂದೆ ಬಂದರು. ಮಹಬೂಬ್ ಗೆದ್ದ.

ಖೈರುನ್ ಬೀ ಹೇಳಿದ್ದನ್ನು ನಾನು ಯಜಮಾನರಿಗೆ ಹೇಳಿರಲಿಲ್ಲ. ಹೇಳಿದರೆ ನಾಚಿಕೊಂಡಾರು ಎಂದು ಇಷ್ಟು ವರ್ಷ ಹೊಟ್ಟೆಯಲ್ಲೇ ಇಟ್ಟುಕೊಂಡಿದ್ದೆ. ಮೊನ್ನೆ ಎಣ್ಣೆ ಹಚ್ಚಿ ಸುಮಿತ್ರಾ ಒಳಗೆ ಹೋದ ಮೇಲೆ, ವಾಸನೆಯ ಗುಣವೋ ಏನೋ, ಹೇಳಿಬಿಟ್ಟೆ. "ಅಕಿ ಬೇಕಂತಲೇ ಚಾಬೂಕು ಇಟ್ಕೊಂಡಿದ್ಳು, ನಿಮಗ ಗೊತ್ತದೇನ್ರಿ?"

ಪೇಪರು ಕೆಳಗಿಳಿಯಿತು. "ಮೂರನೇ ವಾರ ಅಕಿ ಕೊಡ್ಲಿಕ್ಕ ಬಂದಿದ್ಳು. ಇನ್ನೊಂದಿಷ್ಟು ದಿನ ಇರ್ಲಿ ಬೀ ಅಂದವ ಯಾರಂತ ತಿಳ್ಕೊಂಡಿ?"

"ಮತ್ತ ಗಂಗಿನ ಮಾರ್ತಿದ್ರಲ್ರಿ!"

"ಬುಧವಾರ ಓಡಿ ಹೋಗಿ ತರ್ತಿದ್ನಿ. ನೀ ಅವಸರ ಮಾಡ್ದಿ."

ಶಿವನ ಮುಂದೆ ಸೆರಗೊಡ್ಡಿ ನಾನು ಬೇಡಿದ್ದೇನು, ಇವರು ಸದ್ದಿಲ್ಲದೆ ಬೇಡಿಕೊಂಡಿದ್ದೇನು! ಇಬ್ಬರದನ್ನೂ ಕೇಳಿಸಿಕೊಂಡು ಶಿವ ಎಷ್ಟು ನಕ್ಕಿರಬೇಕು.

ದಿನಾ ಸಂಜೆ ನಡೆಯಿರಿ ಎಂದು ಡಾಕ್ಟರರು ಇಬ್ಬರಿಗೂ ಹೇಳಿದ್ದಾರೆ. ಇವರು ಒಂದೊಂದು ದಿನ ಒಂದೊಂದು ನೆಪ ತೆಗೆಯುತ್ತಾರೆ. ನಾನು ಎದ್ದು, ದೇವರ ಗೂಡಿನ ಕೆಳಗೆ ತೂಗುತ್ತಿದ್ದ ಅದೇ ಚಾಬೂಕನ್ನು ತೆಗೆದು ನನ್ನ ಟ್ರಂಕಿನಲ್ಲಿಟ್ಟು ಕೀಲಿ ಹಾಕಿದೆ. "ನಡೀರಿ. ನನ್ನ ಮನಸು ತುಂಬೂ ತನಕ ಇದು ಸಿಗಂಗಿಲ್ಲ" ಎಂದೆ. ಅವರು ಚಪ್ಪಲಿ ಮೆಟ್ಟಿದರು.

ಓಣಿಯ ತಿರುವು ಬಂತು. ನನ್ನ ಮೊಣಕಾಲಿನಿಂದಾಗಿ ನಾನು ನಾಲ್ಕು ಮಾರು ಹಿಂದಿದ್ದೆ. ಅವರು ತಿರುಗುವ ಮೊದಲು ನಿಂತು, ಎಡ ಹೆಗಲ ಮೇಲಿಂದ ಹೊರಳಿ ನೋಡಿದರು. ಮೆಲ್ಲಗೆ, ಆಚೀಚೆ ಮನೆಯವರಿಗೆ ಕೇಳಿಸದಷ್ಟು ಮೆಲ್ಲಗೆ, "ಹೋಶಿಯಾರ್" ಎಂದರು. ನಾನು ಸೆರಗನ್ನು ಸ್ವಲ್ಪ ಹಿಂದೆ ಸರಿಸಿಕೊಂಡು ನಡೆದೆ.